ಶುರು ಚೆನ್ನಾಗಿರುವ ಕಥೆ ಕೊನೆಗೆ ಯಾಕೆ ಸೊರಗುತ್ತದೆ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಕಥೆ ಬರೆಯೋದು ಅಂದ್ರೆ ತುಂಬಾ ಇಷ್ಟ. ಚೆನ್ನಾಗಿ ಶುರು ಮಾಡುತ್ತಾನೆ, ಎರಡು ಪುಟ ಬರೆಯುತ್ತಾನೆ. ಕೊನೆಗೆ ಬಂದಾಗ ಮಾತ್ರ ಎಲ್ಲ ಹಾಳಾಗುತ್ತೆ. ‘ಆಗ ಅವನಿಗೆ ಎಚ್ಚರವಾಯಿತು, ಅದೆಲ್ಲಾ ಕನಸು’ ಅಂತ ಮುಗಿಸುತ್ತಾನೆ. ಇಲ್ಲದಿದ್ದರೆ ಯಾರೋ ದೊಡ್ಡವರು ಬಂದು ಕಾಪಾಡುತ್ತಾರೆ. ಮೊನ್ನೆ ಬರೆದ ಕಥೆ ಇದು: ಸೂರಿಗೆ ಕತ್ತಲೆ ಕಂಡರೆ ಭಯ, ಆದರೆ ಗೆಳೆಯ ರವಿಗೆ ಅದು ಗೊತ್ತಾಗಬಾರದು. ‘ನಾನು ಯಾವುದಕ್ಕೂ ಹೆದರಲ್ಲ’ ಅಂತ ಜಂಬ ಕೊಚ್ಚಿಕೊಂಡಿದ್ದಾನೆ. ಒಂದು ಸಂಜೆ ಆಟದ ಚೆಂಡು ಪಾಳು ಮನೆಯೊಳಗೆ ಬೀಳುತ್ತೆ. ‘ನೀನೇ ತಗೊಂಡು ಬಾ’ ಅಂತಾನೆ ರವಿ. ಸೂರಿ ಒಳಗೆ ಹೋಗುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತೆ, ಅಟ್ಟದ ಮೇಲೆ ಏನೋ ಸದ್ದು. ಆಮೇಲೆ? ‘ಅಷ್ಟರಲ್ಲಿ ಅಪ್ಪ ಬಂದು ಬಾಗಿಲು ತೆಗೆದರು. ಎಲ್ಲರೂ ಖುಷಿಯಾಗಿ ಮನೆಗೆ ಹೋದರು.’ ಟೀಚರ್ ಕೆಂಪು ಇಂಕಿನಲ್ಲಿ ‘ಮುಕ್ತಾಯ ಸಾಲದು’ ಅಂತ ಬರೆದಿದ್ದಾರೆ. ‘ಇನ್ನೂ ಚೆನ್ನಾಗಿ ಮುಗಿಸು’ ಅಂದರೆ ‘ಮುಗೀತಲ್ಲಮ್ಮಾ, ಇನ್ನೇನು ಬರೀಲಿ?’ ಅಂತ ಅಳುತ್ತಾನೆ. ಅವನಿಗೆ ಕಲ್ಪನೆ ಕಡಿಮೆಯಾ? ಓದೋದು ಸಾಲದಾ? ಕೊನೆಗೆ ಹಾಕೋಕೆ ಒಳ್ಳೊಳ್ಳೆ ವಾಕ್ಯ ಬಾಯಿಪಾಠ ಮಾಡಿಸಲಾ? ನಾನೇ ಹೇಳಿಕೊಟ್ಟರೆ ತಪ್ಪಾ?

ಉತ್ತರ: ಕಲ್ಪನೆಯ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಈ ವಯಸ್ಸಿನ ಮಕ್ಕಳ ಕಥೆಗಳನ್ನು ಓದುವುದು, ಅವರ ಜೊತೆ ಕೂತು ತಿದ್ದಿಸುವುದು ನನ್ನ ಕೆಲಸ. ಅವುಗಳಲ್ಲಿ ಕಳ್ಳರು ಬೇಕಾದಷ್ಟು ಬರುತ್ತಾರೆ, ರಾಕ್ಷಸರೂ ಬರುತ್ತಾರೆ. ಮನಸ್ಸಿನಲ್ಲಿ ಒಂದು ಗುಟ್ಟು ಇಟ್ಟುಕೊಂಡು, ಅದು ಹೊರಗೆ ಬಿದ್ದೀತೆಂದು ಒದ್ದಾಡುವ ಹುಡುಗ ಅಪರೂಪ. ನಿಮ್ಮ ಮಗ ಅಂಥ ಹುಡುಗನನ್ನು ಕಂಡಿದ್ದಾನೆ. ಆ ಕಥೆಗೆ ಸರಿಯಾದ ಕೊನೆ ಸಿಗಬೇಕು ಎಂದು ನನಗೂ ಆಸೆಯಾಗುತ್ತಿದೆ.

ನಿಮ್ಮ ಪ್ರಶ್ನೆಯ ಒಳಗಿರುವ ಚಿಂತೆ ನನಗೆ ಅರ್ಥವಾಗಿದ್ದು ಹೀಗೆ: ಇಷ್ಟು ಚೆನ್ನಾಗಿ ಶುರು ಮಾಡುವವನು ಕೊನೆಯಲ್ಲಿ ಯಾಕೆ ಕೈಚೆಲ್ಲುತ್ತಾನೆ? ಇದು ಸೋಮಾರಿತನವೇ, ಸಾಮರ್ಥ್ಯವೇ ಇಲ್ಲವೇ? ನನಗೆ ಎರಡೂ ಅನ್ನಿಸುವುದಿಲ್ಲ. ತೊಂದರೆ ಕೊನೆಯ ಸಾಲುಗಳಲ್ಲಿ ಕಾಣಿಸುತ್ತಿದೆ ನಿಜ. ಆದರೆ ಅದರ ಬೇರು ಮೊದಲ ಪುಟದಲ್ಲಿದೆ. ಅದಕ್ಕೇ ‘ಚೆನ್ನಾಗಿ ಮುಗಿಸು’ ಅಂದಾಗ ಅವನಿಗೆ ಅಳು ಬರುತ್ತದೆ. ಇಲ್ಲದ ಕಡೆ ಹುಡುಕು ಅಂದ ಹಾಗೆ ಆಗುತ್ತದೆ ಅವನಿಗೆ.

ಮಕ್ಕಳು ಕಥೆಯನ್ನು ಹೇಗೆ ಬರೆಯುತ್ತಾರೆ ಎಂದು ಸ್ವಲ್ಪ ನೋಡೋಣ. ದೊಡ್ಡವರು ಬರೆಯುವಾಗ ಮುಂದೆ ಎಲ್ಲಿಗೆ ಹೋಗಬೇಕು ಎಂಬ ಅಂದಾಜು ಇಟ್ಟುಕೊಂಡು ಬರೆಯುತ್ತೇವೆ. ಮಕ್ಕಳು ಹಾಗಲ್ಲ. ಈಗಷ್ಟೇ ಬರೆದ ವಾಕ್ಯ ಏನನ್ನು ನೆನಪಿಸುತ್ತದೋ ಅದನ್ನೇ ಮುಂದೆ ಬರೆಯುತ್ತಾರೆ. ಕೆನಡಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮಾಲಿಯಾ ಮಕ್ಕಳ ಬರವಣಿಗೆಯ ಮೇಲೆ ಬಹಳ ಕೆಲಸ ಮಾಡಿದವರು. ಗೊತ್ತಿರುವುದನ್ನು ಒಂದರ ಹಿಂದೊಂದು ಹೇಳುತ್ತಾ ಹೋಗುವ ಈ ಬಗೆಯನ್ನು ಅವರು 1980ರ ದಶಕದಲ್ಲಿ ವಿವರವಾಗಿ ತೋರಿಸಿಕೊಟ್ಟರು. ಅವರ ಇನ್ನೊಂದು ಮಾತು ನಿಮ್ಮ ಮಗನಿಗೆ ನೇರವಾಗಿ ಹೊಂದುತ್ತದೆ. ಮಾತನಾಡುವಾಗ ಎದುರಿಗೆ ಒಬ್ಬರು ಇರುತ್ತಾರೆ, ಅವರ ಪ್ರಶ್ನೆಯೇ ನಮ್ಮ ಮುಂದಿನ ಮಾತನ್ನು ಎಳೆಯುತ್ತದೆ. ಬರೆಯುವಾಗ ಆ ಆಸರೆ ಇಲ್ಲ. ಬರೆದು ನಿಲ್ಲಿಸಿದ ಮಕ್ಕಳಿಗೆ ‘ಇನ್ನೂ ಸ್ವಲ್ಪ ಬರೀತೀಯಾ?’ ಎಂದಷ್ಟೇ ಕೇಳಿದಾಗಲೂ ಅವರು ಮುಂದಕ್ಕೆ ಬರೆದರು. ಅಂದರೆ ಸರಕು ಖಾಲಿಯಾಗಿರಲಿಲ್ಲ. ಕೇಳುವವರು ಇರಲಿಲ್ಲ, ಅಷ್ಟೇ.

ಕಥೆ ಹೇಳುವಾಗ ಯಾರಾದರೂ ಹೂಂಗುಟ್ಟಬೇಕು ಅಂತೀವಲ್ಲ, ಅದು ಸುಮ್ನೆ ಹುಟ್ಟಿದ ಮಾತಲ್ಲ. ‘ಹೂಂ, ಆಮೇಲೆ?’ ಅನ್ನುವವರು ಇದ್ದರೆ ಕಥೆ ತಾನಾಗಿ ಬೆಳೆಯುತ್ತದೆ. ಹಾಳೆ ಹೂಂಗುಟ್ಟುವುದಿಲ್ಲ.

ಇದರ ಜೊತೆಗೆ ದಣಿವು. ಒಂಬತ್ತು ವರ್ಷದ ಮಗುವಿಗೆ ಅಕ್ಷರ ದುಂಡಗೆ ಬರೆಯುವುದು, ಒತ್ತಕ್ಷರ ಸರಿ ಹಾಕುವುದು, ವಾಕ್ಯ ಕಟ್ಟುವುದು ಇನ್ನೂ ಕೈಗೆ ಸಲೀಸಾಗಿರುವುದಿಲ್ಲ. ಗಮನದ ದೊಡ್ಡ ಪಾಲು ಅದಕ್ಕೇ ಖರ್ಚಾಗುತ್ತದೆ. ಎರಡು ಪುಟ ಬರೆಯುವ ಹೊತ್ತಿಗೆ ಬೆರಳು ನೋಯುತ್ತಿರುತ್ತವೆ, ತಲೆ ಬಳಲಿರುತ್ತದೆ. ಕಥೆಯಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಜಾಗ ಕೊನೆ. ಅಲ್ಲಿಗೆ ಬರುವಾಗ ಮಗುವಿನ ಶಕ್ತಿ ಅತಿ ಕಡಿಮೆ. ‘ಎಲ್ಲಾ ಕನಸು’ ಎನ್ನುವುದು ಆಗ ಕಾಣುವ ಹತ್ತಿರದ ಬಾಗಿಲು. ಅದನ್ನು ತೆರೆದು ಹೊರಗೆ ಓಡುತ್ತಾನೆ. ಅವನನ್ನು ಬೈಯುವುದು ನ್ಯಾಯವಲ್ಲ.

ಇನ್ನು ಕಥೆಯ ಕೊನೆಯ ಬಗ್ಗೆ ಮಕ್ಕಳ ಕಿವಿಗೆ ಬೀಳುವ ಕೆಲವು ಮಾತುಗಳು. ಇವುಗಳಲ್ಲಿ ಎಷ್ಟು ನಿಜ ಅಂತ ಹೇಳಿಬಿಡುತ್ತೇನೆ.

‘ಕೊನೆಯಲ್ಲಿ ಎಲ್ಲರೂ ಸುಖವಾಗಿರಬೇಕು’ ಎನ್ನುವುದು ಸುಳ್ಳು. ಓದುವವರಿಗೆ ತೃಪ್ತಿ ಕೊಡುವುದು ಸುಖವಲ್ಲ. ಕಥೆ ಎಬ್ಬಿಸಿದ ಪ್ರಶ್ನೆಗೆ ಉತ್ತರ ಸಿಗುವುದು ಮುಖ್ಯ. ಕಳೆದುಹೋದ ನಾಯಿ ಸಿಗದೆಯೂ ಕಥೆ ತೃಪ್ತಿ ಕೊಡಬಹುದು. ಹುಡುಕುವುದನ್ನು ಹುಡುಗ ಯಾವಾಗ, ಯಾಕೆ ನಿಲ್ಲಿಸಿದ ಎಂದು ನಮಗೆ ತಿಳಿದರೆ ಸಾಕು. ‘ಕೊನೆಯಲ್ಲಿ ನೀತಿ ಇರಲೇಬೇಕು’ ಎಂಬುದೂ ಹಾಗೆಯೇ. ನೀತಿ ಹೇಳುವುದಕ್ಕೆಂದೇ ಹುಟ್ಟಿದ ಕಥೆಗಳಿವೆ, ಅವುಗಳ ಜಾತಿಯೇ ಬೇರೆ. ಉಳಿದ ಕಥೆಗಳಿಗೆ ಕೊನೆಯಲ್ಲಿ ನೀತಿ ಅಂಟಿಸಿದರೆ ಮಗು ಕಥೆ ಹೇಳುವುದನ್ನು ಬಿಟ್ಟು ಪಾಠ ಒಪ್ಪಿಸಲು ಶುರು ಮಾಡುತ್ತದೆ. ‘ಆದ್ದರಿಂದ ನಾವು ಜಂಬ ಪಡಬಾರದು’ ಎಂದು ಸೂರಿಯ ಕಥೆ ಮುಗಿದರೆ ಸೂರಿ ಅಲ್ಲೇ ಮಾಯವಾಗುತ್ತಾನೆ. ಕತ್ತಲೆಯಲ್ಲಿ ನಿಂತಿದ್ದ ಹುಡುಗನ ಜಾಗದಲ್ಲಿ ‘ನಾವು’ ಬಂದು ಕೂರುತ್ತದೆ.

ಯಾರೂ ಊಹಿಸದ ತಿರುವು ಬೇಕು ಎನ್ನುವವರೂ ಇದ್ದಾರೆ. ಇದು ಅರ್ಧ ಸತ್ಯ. ಓದುವವರು ‘ಅಯ್ಯೋ ಹೌದಲ್ಲ, ಇದು ಮೊದಲೇ ಹೊಳೆಯಬೇಕಿತ್ತು’ ಅನ್ನುವಂತಿದ್ದರೆ ಅದು ಒಳ್ಳೆಯ ತಿರುವು. ಆಕಾಶದಿಂದ ಉದುರಿದ ತಿರುವಿಗೆ ಬರೀ ಗಾಬರಿಯಾಗುತ್ತದೆ.

ಆಕಾಶದಿಂದ ಉದುರುವುದು ಎಂದೆ, ಇದಕ್ಕೊಂದು ಹಳೆಯ ಚರಿತ್ರೆಯೇ ಇದೆ. ಪ್ರಾಚೀನ ಗ್ರೀಕ್ ನಾಟಕಗಳಲ್ಲಿ ಕಥೆ ಬಿಡಿಸಲಾಗದಷ್ಟು ಗಂಟು ಬಿದ್ದಾಗ, ರಂಗದ ಮೇಲಕ್ಕೆ ಒಂದು ಎತ್ತುಗೆಯ ಯಂತ್ರದಿಂದ ದೇವರ ಪಾತ್ರವನ್ನು ಇಳಿಸುತ್ತಿದ್ದರು. ದೇವರು ಬಂದ, ಎಲ್ಲ ಸರಿಹೋಯಿತು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅರಿಸ್ಟಾಟಲ್ ಇದನ್ನು ಒಪ್ಪಲಿಲ್ಲ. ಕಥೆಯ ಗಂಟು ಕಥೆಯೊಳಗಿನಿಂದಲೇ ಬಿಚ್ಚಿಕೊಳ್ಳಬೇಕು, ಯಂತ್ರದಿಂದ ಅಲ್ಲ ಎಂದ. ನಿಮ್ಮ ಮಗನ ಕಥೆಯ ಅಪ್ಪ ಆ ಯಂತ್ರದ ಮೇಲೆ ಇಳಿದವರೇ. ದೊಡ್ಡ ದೊಡ್ಡ ನಾಟಕಕಾರರೂ ಹಿಡಿದ ಹಾದಿ ಇದು ಎಂದರೆ, ಮಗು ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ ಅಲ್ವಾ?

ಈಗ ಸೂರಿಯ ಕಥೆಗೇ ಬರೋಣ. ಕೊನೆ ಯಾಕೆ ಸಪ್ಪೆ ಅನ್ನಿಸುತ್ತದೆ?

ಕಥೆಯಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಹೊರಗಿನದು: ಸೂರಿ ಚೆಂಡು ತರುತ್ತಾನಾ, ಆ ಮನೆಯಿಂದ ಹೊರಗೆ ಬರುತ್ತಾನಾ? ಇನ್ನೊಂದು ಒಳಗಿನದು: ಅವನ ಭಯ ರವಿಗೆ ಗೊತ್ತಾಗುತ್ತದಾ? ಅಪ್ಪ ಬಂದು ಬಾಗಿಲು ತೆಗೆದಾಗ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕಿತು. ಸೂರಿ ಹೊರಗೆ ಬಂದ, ಆದರೆ ಚೆಂಡು ಏನಾಯಿತೋ ಗೊತ್ತಿಲ್ಲ. ಎರಡನೆಯದನ್ನು ಯಾರೂ ಮುಟ್ಟಲೇ ಇಲ್ಲ. ಓದುವವರು ಅದಕ್ಕಾಗಿಯೇ ಕಾಯುತ್ತಿದ್ದರು. ರವಿ ಬಾಗಿಲ ಹೊರಗೆ ನಿಂತಿದ್ದನಲ್ಲ, ಅವನು ಏನಂದ? ಅಟ್ಟದ ಮೇಲಿನ ಸದ್ದು ಏನು?

1979ರಲ್ಲಿ ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ ಎಂಬ ಸಂಶೋಧಕರು ಮಕ್ಕಳ ಕಥೆಗಳನ್ನು ಬಿಡಿಸಿ ನೋಡಲು ಒಂದು ಚೌಕಟ್ಟು ಕೊಟ್ಟರು. ಸನ್ನಿವೇಶ, ಕಥೆಯನ್ನು ಶುರು ಮಾಡುವ ಘಟನೆ, ಅದಕ್ಕೆ ಪಾತ್ರದ ಮನಸ್ಸಿನಲ್ಲಿ ಆಗುವ ಪ್ರತಿಕ್ರಿಯೆ, ಪಾತ್ರ ಮಾಡುವ ಪ್ರಯತ್ನ, ಅದರ ಫಲ, ಫಲಕ್ಕೆ ಪಾತ್ರದ ಪ್ರತಿಕ್ರಿಯೆ. ಇದನ್ನು ಮಗುವಿಗೆ ಕಲಿಸಲು ಹೋಗಬೇಡಿ, ನಿಮಗೆ ಗೊತ್ತಿದ್ದರೆ ಸಾಕು. ಸೂರಿಯ ಕಥೆಯನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲ ಮೂರೂ ಚೆನ್ನಾಗಿವೆ. ಪ್ರಯತ್ನ ಅರ್ಧಕ್ಕೇ ನಿಂತಿದೆ. ಬಾಗಿಲು ಮುಚ್ಚಿಕೊಂಡ ಮೇಲೆ ಸೂರಿ ಏನೂ ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಕೊನೆಯ ಪ್ರತಿಕ್ರಿಯೆಯಂತೂ ಇಲ್ಲವೇ ಇಲ್ಲ. ‘ಖುಷಿಯಾಗಿ’ ಎಂಬ ಪದ ಇದೆ, ಅದು ಎಲ್ಲರದ್ದು, ಸೂರಿಯದಲ್ಲ. ನಾನು ನೋಡುವ ಸಪ್ಪೆ ಕೊನೆಗಳಲ್ಲಿ ಹೆಚ್ಚಿನವು ಇದೇ ಎರಡು ಜಾಗದಲ್ಲಿ ಟೊಳ್ಳಾಗಿರುತ್ತವೆ.

ಆದ್ದರಿಂದ ಅವನನ್ನು ಕೂರಿಸಿಕೊಂಡು ಪುಸ್ತಕ ಮುಚ್ಚಿಟ್ಟು ಮಾತನಾಡಿ. ಪೆನ್ಸಿಲ್ ಬೇಡ. ಮೊದಲು ಕಥೆಯ ಬಗ್ಗೆ ನಿಮಗಿರುವ ನಿಜವಾದ ಕುತೂಹಲ ತೋರಿಸಿ. ‘ಸೂರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದು ಚೆಂಡಾ?’ ಎಂದು ಕೇಳಿ. ಅವನು ಸ್ವಲ್ಪ ಯೋಚಿಸಿ ‘ಅಲ್ಲ, ರವಿಗೆ ಗೊತ್ತಾಗಬಾರದು ಅಂತ’ ಎನ್ನುತ್ತಾನೆ. ಬಹುಶಃ ಆ ಕ್ಷಣದವರೆಗೆ ಅವನಿಗೂ ಅದು ಸ್ಪಷ್ಟವಾಗಿರುವುದಿಲ್ಲ. ಆಮೇಲೆ ‘ಬಾಗಿಲು ಮುಚ್ಚಿದ ಮೇಲೆ ಅವನು ಏನು ಮಾಡಿದ?’ ಎಂದು ಕೇಳಿ. ‘ಏನೂ ಇಲ್ಲ, ಹೆದರಿದ’ ಎಂದರೆ ‘ಹೂಂ, ಹೆದರಿ?’ ಎನ್ನಿ. ಅಷ್ಟೇ. ಉತ್ತರ ನಿಮ್ಮ ಬಾಯಿಂದ ಬರಬಾರದು. ಮೌನ ಉದ್ದವಾದರೂ ಪರವಾಗಿಲ್ಲ, ಕಾಯಿರಿ. ದೊಡ್ಡವರು ಸೋಲುವುದು ಇಲ್ಲೇ. ಮಗು ಇನ್ನೂ ಹುಡುಕುತ್ತಿರುತ್ತದೆ, ನಾವು ಆತುರದಲ್ಲಿ ತುಂಬಿಬಿಡುತ್ತೇವೆ.

ಇಂಥ ಮಾತಿನಿಂದ ಹುಟ್ಟಬಹುದಾದ ಒಂದು ಕೊನೆಯನ್ನು ನಿಮಗೆ ಮಾತ್ರ ತೋರಿಸುತ್ತೇನೆ, ಅವನಿಗೆ ಓದಿ ಹೇಳಬೇಡಿ. ಸೂರಿ ಗೋಡೆ ತಡವುತ್ತಾ ಸದ್ದು ಬಂದ ಕಡೆ ಹೋಗುತ್ತಾನೆ. ಅಟ್ಟದ ಮೂಲೆಯಲ್ಲಿ ಒಂದು ಬೆಕ್ಕಿನ ಮರಿ, ಅವನಿಗಿಂತ ಜಾಸ್ತಿ ನಡುಗುತ್ತಿದೆ. ಅದನ್ನು ಅಂಗಿಯೊಳಗೆ ಇಟ್ಟುಕೊಂಡು, ಚೆಂಡು ಹಿಡಿದು, ಬಾಗಿಲನ್ನು ಜೋರಾಗಿ ತಳ್ಳಿ ಹೊರಗೆ ಬರುತ್ತಾನೆ. ‘ಹೆದರಿಕೆ ಆಗ್ಲಿಲ್ವಾ?’ ಎಂದು ರವಿ ಕೇಳುತ್ತಾನೆ. ‘ಆಯ್ತು’ ಎಂದ ಸೂರಿ. ‘ನಂಗೂ ಆಗ್ತಿತ್ತು, ಅದಕ್ಕೇ ನಿನ್ನ ಕಳಿಸಿದ್ದು’ ಎಂದ ರವಿ.

ಇಲ್ಲಿ ನೀತಿ ಇಲ್ಲ. ‘ಸೂರಿ ಧೈರ್ಯವಂತನಾದ’ ಎಂಬ ಮಾತೂ ಇಲ್ಲ. ಆದರೆ ‘ಆಯ್ತು’ ಎಂಬ ಒಂದೇ ಪದದಲ್ಲಿ ಒಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸದ್ದು ಏನೆಂದೂ ತಿಳಿಯಿತು. ಸೂರಿ ತಾನೇ ಕಾಲಿಟ್ಟು ನಡೆದ. ನಿಮ್ಮ ಮಗನ ಕೊನೆ ಇದಕ್ಕಿಂತ ಪೂರ್ತಿ ಬೇರೆ ಇರುತ್ತದೆ, ಇರಬೇಕು ಕೂಡ. ರವಿಗೆ ಗುಟ್ಟು ಗೊತ್ತಾಗದೇ ಉಳಿಯಬಹುದು, ಜಂಬ ಮುಂದುವರಿಯಬಹುದು. ಅದೂ ಒಂದು ಉತ್ತರವೇ.

ಅಪ್ಪನನ್ನೇ ಇಟ್ಟುಕೊಳ್ಳುತ್ತೇನೆ ಎಂದು ಅವನು ಹಟ ಹಿಡಿದರೆ? ಇಟ್ಟುಕೊಳ್ಳಲಿ. ಆಗ ‘ಸೂರಿ ಅಲ್ಲಿದ್ದಾನೆ ಅಂತ ಅಪ್ಪನಿಗೆ ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಸೂರಿ ಜೇಬಿನಲ್ಲಿದ್ದ ಸೀಟಿ ಊದಿದ ಎಂದು ಅವನು ಹೇಳಿದರೆ, ಆ ಸೀಟಿಯನ್ನು ಮೊದಲ ಪುಟದಲ್ಲೇ ಒಂದು ಸಾಲಿನಲ್ಲಿ ಜೇಬಿಗೆ ಹಾಕಿಸಿ. ಆಟದಲ್ಲಿ ಸೂರಿಯೇ ಅಂಪೈರ್ ಎಂದು ಬರೆದರೆ ಮುಗಿಯಿತು. ಈಗ ಅಪ್ಪ ಆಕಾಶದಿಂದ ಇಳಿದವರಲ್ಲ, ಸೂರಿಯೇ ಕರೆಸಿಕೊಂಡವರು. ಕೊನೆ ಸರಿಹೋಗಬೇಕಾದರೆ ಶುರುವಿಗೆ ಹಿಂದಿರುಗಿ ಒಂದು ಸಾಲು ಸೇರಿಸಬಹುದು ಎಂಬುದು ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಬರೆದದ್ದು ಬರೆದಾಯಿತು, ಮುಂದಕ್ಕೆ ಮಾತ್ರ ಹೋಗಬೇಕು ಎಂದುಕೊಂಡಿರುತ್ತಾರೆ. ಇದೊಂದನ್ನು ತಿಳಿಸಿಕೊಟ್ಟರೂ ದೊಡ್ಡ ಉಪಕಾರ. ಪಕ್ಕದ ಅಂಚಿನಲ್ಲಿ ಬಾಣ ಹಾಕಿ ಬರೆಯಲಿ, ಇಡೀ ಕಥೆಯನ್ನು ಮತ್ತೆ ನಕಲು ಮಾಡಿಸಬೇಡಿ. ನಕಲು ಮಾಡಬೇಕೆಂಬ ಭಯಕ್ಕೇ ಎಷ್ಟೋ ಮಕ್ಕಳು ತಿದ್ದಲು ಒಪ್ಪುವುದಿಲ್ಲ.

ಮುಂದಿನ ಕಥೆಗಳಿಗೆ ಏನು ಮಾಡಬಹುದು? ದಾರಿ ಹಲವು, ಪ್ರತಿಯೊಂದರಲ್ಲೂ ಒಂದು ಅಪಾಯವಿದೆ.

ಕೊನೆಯನ್ನು ಮೊದಲೇ ಯೋಚಿಸಿಕೊಂಡು ಬರೆಯಲು ಹೇಳಬಹುದು. ಕೆಲವು ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ, ಹೋಗಬೇಕಾದ ಊರು ಗೊತ್ತಿದ್ದರೆ ದಾರಿಯಲ್ಲಿ ಕಂಗಾಲಾಗುವುದಿಲ್ಲ. ಇನ್ನು ಕೆಲವರಿಗೆ ಕೊನೆ ಗೊತ್ತಾದ ಕೂಡಲೇ ಬರೆಯುವ ಹುಮ್ಮಸ್ಸೇ ಹೋಗುತ್ತದೆ. ‘ಗೊತ್ತಾಯ್ತಲ್ಲ, ಮತ್ತೆ ಯಾಕೆ ಬರೀಬೇಕು?’ ಎನ್ನುತ್ತಾರೆ. ನಿಮ್ಮ ಮಗ ಬರೆಯುತ್ತಾ ಬರೆಯುತ್ತಾ ಕಂಡುಕೊಳ್ಳುವ ಜಾತಿಯವನು ಎಂದು ನನ್ನ ಊಹೆ. ಅಂಥವರಿಗೆ ಕೊನೆ ಬೇಡ, ಪ್ರಶ್ನೆ ಮಾತ್ರ ಸಾಕು. ಹಾಳೆಯ ಮೇಲ್ತುದಿಯಲ್ಲಿ ಸಣ್ಣದಾಗಿ ‘ಇವನಿಗೆ ಏನು ಬೇಕು?’ ಎಂದು ಬರೆದುಕೊಂಡು, ಅದರ ಮುಂದೆ ಒಂದು ಸಾಲು ಉತ್ತರ ಬರೆದು ಕಥೆ ಶುರು ಮಾಡಲಿ. ಕೊನೆಗೆ ಬಂದಾಗ ಮೇಲೆ ನೋಡಲಿ: ಸಿಕ್ಕಿತಾ, ಇಲ್ಲವಾ, ಅಥವಾ ಅವನಿಗೆ ಬೇರೆಯೇ ಏನೋ ಬೇಕೆನಿಸಿತಾ? ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ಒಂದು ಅಭ್ಯಾಸದಲ್ಲಿ.

ಇನ್ನೊಂದು ದಾರಿ, ಒಂದೇ ಕಥೆಗೆ ಬಾಯಲ್ಲೇ ಮೂರು ಕೊನೆ ಹೇಳಿಸುವುದು. ಮೊದಲನೆಯದು ಸಾಮಾನ್ಯವಾಗಿ ಎಲ್ಲರಿಗೂ ಹೊಳೆಯುವಂಥದ್ದು. ಎರಡನೆಯದು ತಮಾಷೆಯದು. ಮೂರನೆಯದರಲ್ಲಿ ಒಮ್ಮೊಮ್ಮೆ ಏನೋ ನಿಜವಾದದ್ದು ಹೊರಬರುತ್ತದೆ. ಅಪಾಯವೆಂದರೆ, ಮಗು ನಿಮ್ಮ ಮುಖ ನೋಡಿ ನಿಮಗಿಷ್ಟವಾದದ್ದನ್ನೇ ಆರಿಸುತ್ತದೆ. ಆದ್ದರಿಂದ ಮೂರನ್ನೂ ಒಂದೇ ಮುಖದಲ್ಲಿ ಕೇಳಿ.

ದಣಿವಿಗೆ ಸುಲಭದ ಮದ್ದು ಎಂದರೆ ಕೊನೆಯನ್ನು ಮರುದಿನಕ್ಕೆ ಬಿಡುವುದು. ಕಥೆಯ ಬಿಸಿ ಆರಿಹೋಗಬಹುದು ಎಂಬ ಅಳುಕು ಇದ್ದೇ ಇದೆ. ಅದಕ್ಕೆ ನಿಲ್ಲಿಸುವ ಮೊದಲು ಮುಂದೆ ಏನಾಗಬಹುದೆಂದು ಒಂದು ಪದ ಗೀಚಿಡಲಿ. ಅಥವಾ ಕೊನೆಯ ಭಾಗ ಅವನು ಹೇಳಲಿ, ನೀವು ಬರೆದುಕೊಳ್ಳಿ, ಅವನ ಮಾತನ್ನು ಒಂದು ಪದವೂ ತಿದ್ದದೆ. ಬಾಯಲ್ಲಿ ಹೇಳಿದ ಕೊನೆ ಬರೆದದ್ದಕ್ಕಿಂತ ಬಹಳ ಚೆನ್ನಾಗಿದ್ದರೆ, ತೊಂದರೆ ಕಥೆಯದಲ್ಲ, ಕೈಬರಹದ ಭಾರದ್ದು ಎಂದು ನಿಮಗೂ ಖಾತ್ರಿಯಾಗುತ್ತದೆ. ಬರೆಯುವಾಗ ಕೈ ಸದಾ ನೋಯುತ್ತದೆ, ಅಕ್ಷರಗಳು ವಯಸ್ಸಿಗೆ ತಕ್ಕಂತೆ ಕೂರುತ್ತಿಲ್ಲ, ಬರೆಯುವ ಮಾತೆತ್ತಿದರೇ ಅಳು ಎಂದಾದರೆ ಟೀಚರ್ ಜೊತೆ ಮಾತನಾಡಿ, ಕಲಿಕೆಯ ತೊಂದರೆ ನೋಡುವ ತಜ್ಞರಿಗೆ ತೋರಿಸಿ. ನೀವು ಬರೆದದ್ದರಲ್ಲಿ ಅಂಥ ಸೂಚನೆ ನನಗೆ ಕಂಡಿಲ್ಲ.

ಒಳ್ಳೊಳ್ಳೆ ವಾಕ್ಯ ಬಾಯಿಪಾಠ ಮಾಡಿಸುವುದು ಬೇಡ. ‘ಹೀಗೆ ಆ ದಿನ ಅವನ ಬಾಳಿನಲ್ಲಿ ಮರೆಯಲಾಗದ ದಿನವಾಯಿತು’ ಎಂಬುದು ಯಾವ ಕಥೆಗೂ ಹೊಂದುತ್ತದೆ, ಹಾಗಾಗಿ ಯಾವ ಕಥೆಯದ್ದೂ ಅಲ್ಲ. ಒಂದೆರಡು ಸಲ ಮಾರ್ಕ್ಸ್ ಬರಬಹುದು. ಆದರೆ ಕೊನೆ ಎಂದರೆ ಅಂಟಿಸುವ ಚೀಟಿ ಎಂದು ಮಗು ಕಲಿತುಬಿಡುತ್ತದೆ, ಅದನ್ನು ಬಿಡಿಸುವುದು ಕಷ್ಟ. ನೀವೇ ಹೇಳಿಕೊಡುವುದರ ಬಗ್ಗೆಯೂ ನನ್ನ ಮಾತು ಇದೇ. ನಿಮ್ಮ ಕೊನೆ ಖಂಡಿತ ಚೆನ್ನಾಗಿರುತ್ತದೆ. ಆದರೆ ಮುಂದಿನ ಸಲ ಅವನು ಅದೇ ಜಾಗಕ್ಕೆ ಬಂದಾಗ ಪೆನ್ಸಿಲ್ ಕೆಳಗಿಟ್ಟು ನಿಮ್ಮನ್ನು ನೋಡುತ್ತಾನೆ.

ಓದು ಸಾಲದೇ ಎಂದು ಕೇಳಿದ್ದೀರಿ. ಓದು ಬೇಕು, ಆದರೆ ಬರೀ ಜಾಸ್ತಿ ಓದಿದರೆ ಕೊನೆ ಬರೆಯಲು ಬರುವುದಿಲ್ಲ. ಓದುವಾಗ ಒಮ್ಮೊಮ್ಮೆ ಕೊನೆಯ ಪುಟಕ್ಕೆ ಮೊದಲು ಪುಸ್ತಕ ಮುಚ್ಚಿ, ‘ಈಗ ಏನಾಗದಿದ್ದರೆ ನಿನಗೆ ಬೇಜಾರಾಗುತ್ತೆ?’ ಎಂದು ಕೇಳಿ. ಆ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಬಹಳ ಚುರುಕಾಗಿರುತ್ತದೆ. ಪ್ರತಿ ಪುಸ್ತಕಕ್ಕೂ ಹೀಗೆ ಮಾಡಬೇಡಿ, ಓದಿನ ಸುಖ ಹಾಳಾಗುತ್ತದೆ.

ಪರೀಕ್ಷೆಯ ಲೆಕ್ಕ ಬೇರೆ. ಅಲ್ಲಿ ಸಮಯ ಓಡುತ್ತಿರುತ್ತದೆ, ಮರುದಿನ ಎಂಬುದಿಲ್ಲ. ಅದಕ್ಕೆ ಅವನಿಗೆ ಚಿಕ್ಕ ಕಥೆ ಬರೆಯಲು ಅಭ್ಯಾಸ ಮಾಡಿಸಿ: ಒಂದು ಪಾತ್ರ, ಒಂದು ಜಾಗ, ಒಂದು ಆಸೆ. ಐದೇ ನಿಮಿಷ ಉಳಿದಿದೆ, ಕಥೆ ಇನ್ನೂ ಪಾಳು ಮನೆಯೊಳಗೇ ಇದೆ ಎಂದಾದರೆ, ಪಾತ್ರ ಮಾಡುವ ಒಂದು ಕೆಲಸ, ಆಡುವ ಒಂದು ಮಾತು ಬರೆದು ನಿಲ್ಲಿಸಲಿ. ಕನಸಿಗಿಂತ ಅದು ಎಷ್ಟೋ ಮೇಲು.

ಟೀಚರ್ ಬರೆದ ಷರಾ ತಪ್ಪಲ್ಲ. ಆದರೆ ಮಗುವಿಗೆ ಅದರಿಂದ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ಸಾಧ್ಯವಾದರೆ ಅವರನ್ನು ಕಂಡು, ಇನ್ನು ಮೇಲೆ ಷರಾದ ಜಾಗದಲ್ಲಿ ಒಂದು ಪ್ರಶ್ನೆ ಬರೆಯಲು ಕೇಳಿಕೊಳ್ಳಿ. ‘ರವಿ ಏನಂದ?’ ಎಂದು ಅಂಚಿನಲ್ಲಿ ಬರೆದಿದ್ದರೆ ನಿಮ್ಮ ಮಗ ಅವತ್ತೇ ಇನ್ನೂ ಅರ್ಧ ಪುಟ ಬರೆಯುತ್ತಿದ್ದ.